ಓದುಗರ ಪ್ರಶ್ನೆಗಳಿಗೆ ಉತ್ತರ: ಅಗಲಿದವರನ್ನು ಕರೆಯುವ ಯಂತ್ರ

ಈ ತಿಂಗಳು ನಮ್ಮ ಸಿನಿಮಾ ಅಂಕಣಕ್ಕೆ ಬಂದ ಪತ್ರಗಳಲ್ಲಿ ಆರು ಪತ್ರಗಳು ಒಂದೇ ವಿಷಯವನ್ನು ಹಿಡಿದುಕೊಂಡು ಬಂದಿವೆ. ಮನೆಯಲ್ಲಿ ಆದ ಸಾವು, ಆ ಸಾವನ್ನು ಒಪ್ಪದ ಮನಸ್ಸು, ಸತ್ತವರನ್ನು ಹಿಂದಕ್ಕೆ ಕರೆಯುವ ಯಂತ್ರ, ಅದರಿಂದ ಹುಟ್ಟುವ ಭಯ: ಇಂಥ ಕಥೆಯುಳ್ಳ ಚಿತ್ರವನ್ನು ಕೆಲವರು ಸ್ವಂತ ಹಣದಿಂದ ಮಾಡಲು ಹೊರಟಿದ್ದಾರೆ, ಕೆಲವರು ನೋಡಿ ಕಳವಳಗೊಂಡಿದ್ದಾರೆ. ಆದ್ದರಿಂದ ಈ ಸಲ ಅಂಕಣವನ್ನು ಪೂರ್ತಿಯಾಗಿ ಈ ಪತ್ರಗಳಿಗೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರುಗಳನ್ನು ಮಾತ್ರ ಉಳಿಸಿಕೊಳ್ಳಲಾಗಿದೆ.

ಪ್ರಶ್ನೆ: ನಾವು ಐವರು ಗೆಳೆಯರು ಕೂಡಿ ಒಂದು ಚಿತ್ರ ಮಾಡಬೇಕೆಂದಿದ್ದೇವೆ. ಹುಬ್ಬಳ್ಳಿಯಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟುಕೊಂಡವನೊಬ್ಬನ ಹೆಂಡತಿ ತೀರಿಕೊಂಡಿರುತ್ತಾಳೆ. ಅವಳ ಮೊಬೈಲಿನಲ್ಲಿ ಉಳಿದ ಧ್ವನಿ, ಫೋಟೊ, ವಿಡಿಯೊಗಳನ್ನೆಲ್ಲ ಒಂದು ಯಂತ್ರಕ್ಕೆ ಕೊಟ್ಟು ಅವನು ಅವಳನ್ನು ಮತ್ತೆ ಮಾತನಾಡಿಸುತ್ತಾನೆ. ಮೊದಲು ಧ್ವನಿ ಬರುತ್ತದೆ, ಆಮೇಲೆ ಅವಳೇ ಬರುತ್ತಾಳೆ. ಕಥೆ ಕೇಳಿದ ಹಿರಿಯರೊಬ್ಬರು "ಅಳಸೂದಿದ್ರ ಅಳಸ್ರಿ, ಹೆದರಸೂದಿದ್ರ ಹೆದರಸ್ರಿ, ಎರಡೂ ಕೂಡಿಸಿದ್ರ ಮಂದಿ ನಗತಾರ" ಎಂದರು. ಶೋಕ ಮತ್ತು ಭಯ ಒಂದೇ ಚಿತ್ರದಲ್ಲಿ ಕೂಡುವುದಿಲ್ಲವೇ? (ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ನಿಮ್ಮ ಹಿರಿಯರ ಮಾತಿನಲ್ಲಿ ಅನುಭವವಿದೆ, ಆದರೆ ಈ ಕಥೆಗೆ ಅದು ಹೊಂದುವುದಿಲ್ಲ. ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಒಂದು ಸೂಕ್ಷ್ಮವಾದ ಮಾತು ಬರುತ್ತದೆ. ಅಗಲಿಕೆಯ ದುಃಖ ಎರಡು ಬಗೆ. ಅಗಲಿದವರು ಮರಳಿ ಬರುತ್ತಾರೆಂಬ ನಿರೀಕ್ಷೆಯಿದ್ದರೆ ಅದು ವಿಪ್ರಲಂಭ, ಅಂದರೆ ಶೃಂಗಾರದ್ದೇ ಒಂದು ಭಾಗ. ಆ ನಿರೀಕ್ಷೆಯೇ ಇಲ್ಲದಿದ್ದರೆ ಅದು ಕರುಣ. ಕಣ್ಣೀರು ಎರಡರಲ್ಲೂ ಒಂದೇ, ನಡುವೆ ಇರುವ ಗೆರೆ ನಿರೀಕ್ಷೆಯೊಂದೇ. ನಿಮ್ಮ ಯಂತ್ರ ಈ ಗೆರೆಯನ್ನೇ ಅಳಿಸಿಬಿಡುತ್ತದೆ. ಕರುಣದಲ್ಲಿ ಕುಳಿತು, ಅತ್ತು, ದಿನಕರ್ಮಗಳನ್ನು ಮುಗಿಸಿ, ನಿಧಾನವಾಗಿ ಎದ್ದು ಅಂಗಡಿಯ ಬಾಗಿಲು ತೆರೆಯಬೇಕಾದ ಮನುಷ್ಯನನ್ನು ಅದು ಮತ್ತೆ ಕಾಯುವವನನ್ನಾಗಿ ಮಾಡುತ್ತದೆ. ಕಾಯಬಾರದ್ದಕ್ಕೆ ಕಾಯುತ್ತ ಕುಳಿತವನನ್ನು ಹತ್ತಿರದಿಂದ ನೋಡುವಾಗ ಆಗುವ ಭಯವೇ ನಿಮ್ಮ ಚಿತ್ರದ ಭಯ. ಅದನ್ನು ಹೊರಗಿನಿಂದ ತಂದು ಅಂಟಿಸಬೇಕಾಗಿಲ್ಲ.

ದೆವ್ವದ ಚಿತ್ರಕ್ಕೂ ವೈಜ್ಞಾನಿಕ ಭೀತಿ ಚಿತ್ರಕ್ಕೂ ನಾನು ಕಾಣುವ ವ್ಯತ್ಯಾಸವೂ ಇಲ್ಲಿಯೇ ಇದೆ. ದೆವ್ವ ತಾನಾಗಿ ಬರುತ್ತದೆ; ಅದನ್ನು ಓಡಿಸಲು ಪೂಜಾರಿಯನ್ನೋ ಮಂತ್ರವಾದಿಯನ್ನೋ ಕರೆಯಬಹುದು. ಯಂತ್ರದಿಂದ ಬಂದವಳನ್ನು ಕರೆದವನು ಗಂಡನೇ. ತಂತಿ ಜೋಡಿಸಿದ್ದೂ ಸ್ವಿಚ್ ಒತ್ತಿದ್ದೂ ಅವನೇ ಆಗಿರುವುದರಿಂದ, ಬಂದದ್ದು ಅವಳಲ್ಲವೆಂದು ಗೊತ್ತಾದ ಮೇಲೂ ಹೊರಗೆ ಹೋಗೆಂದು ಹೇಳುವ ಬಾಯಿ ಅವನಿಗಿರುವುದಿಲ್ಲ. ನಿಮ್ಮ ಚಿತ್ರಕಥೆಯ ಎರಡನೆಯ ಅರ್ಧ ಈ ಒಂದು ಮಾತಿನ ಮೇಲೆ ನಿಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಇದನ್ನು ಬಹಳ ಹಿಂದೆಯೇ ಮಾಡಿ ತೋರಿಸಿದವರಿದ್ದಾರೆ. ಪೋಲೆಂಡಿನ ಸ್ತಾನಿಸ್ಲಾವ್ ಲೆಮ್ ಅವರ 1961ರ ಕಾದಂಬರಿಯನ್ನು ಆಧರಿಸಿ ರಷ್ಯಾದ ತಾರ್ಕೋವ್‌ಸ್ಕಿ 1972ರಲ್ಲಿ ತೆಗೆದ 'ಸೊಲಾರಿಸ್' ಸರಕಾರಿ ಸ್ಟುಡಿಯೊದ ದೊಡ್ಡ ಚಿತ್ರವೇ ಹೊರತು ನಿಮ್ಮ ಚಿತ್ರದಂತೆ ಸ್ವತಂತ್ರವಾದದ್ದಲ್ಲ. ಆದರೂ ಅದರ ಒಂದು ದೃಶ್ಯವನ್ನು ನೀವು ಐವರೂ ಕೂಡಿ ನೋಡಬೇಕು. ದೂರದ ಗ್ರಹವೊಂದರ ಮೇಲಿನ ನಿಲ್ದಾಣದಲ್ಲಿರುವ ವಿಜ್ಞಾನಿಯ ಬಳಿಗೆ ಸತ್ತುಹೋದ ಹೆಂಡತಿ ಬರುತ್ತಾಳೆ. ಅವಳ ಉಡುಪಿನ ಬೆನ್ನಿಗೆ ಕಟ್ಟುವ ದಾರಗಳಿವೆ, ಆದರೆ ಬಿಚ್ಚಲು ಹೋದರೆ ಅಲ್ಲಿ ಬಿಚ್ಚುವ ಜಾಗವೇ ಇಲ್ಲ. ಅವನು ಕತ್ತರಿಯಿಂದ ಕತ್ತರಿಸಬೇಕಾಗುತ್ತದೆ. ಅವಳು ಅವನ ನೆನಪಿನಿಂದ ಹುಟ್ಟಿ ಬಂದವಳು, ಅವನ ನೆನಪಿನಲ್ಲಿ ಇಲ್ಲದ್ದು ಅವಳಲ್ಲಿಯೂ ಇಲ್ಲ. ಕಿರುಚಾಟವಿಲ್ಲದ, ರಕ್ತವಿಲ್ಲದ ಆ ದೃಶ್ಯದಲ್ಲಿ ಮೈ ಜುಮ್ಮೆನ್ನುತ್ತದೆ.

ಇದನ್ನು ನಮ್ಮ ಮನೆಗೆ ತಂದು ನೋಡಿ. ನಿಮ್ಮ ಕಥೆಯ ಗಂಡ ಇಪ್ಪತ್ತು ವರ್ಷ ಪಡಸಾಲೆಯಲ್ಲಿ ಕುಳಿತು, ಒಳಗೆ ಹೆಂಡತಿ ರೊಟ್ಟಿ ಬಡಿಯುವ ಸಪ್ಪಳವನ್ನು ಕೇಳಿದ್ದಾನೆ. ಒಂದು ದಿನವೂ ಒಲೆಯ ಮುಂದೆ ಹೋಗಿ ನಿಂತು ನೋಡಿದವನಲ್ಲ. ಈಗ ಮರಳಿ ಬಂದವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಳೆ, ಸಪ್ಪಳ ತಾಳ ತಪ್ಪದೆ ಕೇಳಿಬರುತ್ತಿದೆ. ಅವನು ಮೊದಲ ಸಲ ಎದ್ದು ಹೋಗಿ ಬಾಗಿಲಲ್ಲಿ ನಿಂತು ನೋಡಿದರೆ ಅವಳ ಕೈಗೆ ಹಿಟ್ಟು ಹತ್ತಿಲ್ಲ, ಹಂಚಿನ ಮೇಲೆ ಏನೂ ಇಲ್ಲ, ಒಲೆ ಹೊತ್ತಿಲ್ಲ. ಎರಡು ಖಾಲಿ ಅಂಗೈಗಳು ಬರಿಗಲ್ಲಿನ ಮೇಲೆ ಬಡಿಯುತ್ತಿವೆ. ನೋಡುವವನು ಇಲ್ಲಿ ಹೆದರುತ್ತಾನೆ, ಅದೇ ಗಳಿಗೆಯಲ್ಲಿ ಆ ಇಪ್ಪತ್ತು ವರ್ಷಗಳಿಗಾಗಿ ಅಳುತ್ತಾನೆ. ನಿಮ್ಮ ಹಿರಿಯರಿಗೆ ಈ ದೃಶ್ಯವನ್ನು ಹೇಳಿ, ಅವರು ನಗುತ್ತಾರೋ ನೋಡಿ.

ಪ್ರಶ್ನೆ: ನನ್ನ ಮನೆಯವರು ತೀರಿಕೊಂಡು ಎಂಟು ತಿಂಗಳಾಯಿತು. ಮಗ ಮೊಬೈಲಿನಲ್ಲಿ ಹಾಕಿಕೊಟ್ಟ ಒಂದು ಇಂಗ್ಲಿಷ್ ಚಿತ್ರದಲ್ಲಿ ಸತ್ತ ಗಂಡ ರಾತ್ರಿ ಮನೆಗೆ ಬರುತ್ತಾನೆ. ಅದನ್ನು ನೋಡಿದಾಗಿನಿಂದ ನಿದ್ದೆ ಸರಿಯಾಗಿ ಹತ್ತುತ್ತಿಲ್ಲ. ಯಾರಿಗೂ ಹೇಳದ ಮಾತೊಂದನ್ನು ನಿಮಗೆ ಬರೆಯುತ್ತಿದ್ದೇನೆ: ಚಿತ್ರ ನೋಡುವ ಮೊದಲಿನಿಂದಲೂ ರಾತ್ರಿ ಒಂಬತ್ತರ ಸುಮಾರಿಗೆ ಗೇಟಿನ ಹತ್ತಿರ ಅವರ ಸ್ಕೂಟರ್ ಬಂದು ನಿಂತಂತೆ ನನಗೆ ಕೇಳಿಸುತ್ತದೆ. ನನ್ನ ತಲೆ ಕೆಡುತ್ತಿದೆಯೇ? (ಗದಗ)

ಉತ್ತರ: ಅಕ್ಕಾವರೇ, ನಿಮಗೆ ಆಗುತ್ತಿರುವುದು ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ ಬಹಳ ಜನರಿಗೆ ಆಗಿದೆ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಹಳ್ಳಿಗಳಲ್ಲಿ ವೈದ್ಯರಾಗಿದ್ದ ಡೀವಿ ರೀಸ್ ಎಂಬವರು ಹೀಗೆ ಸಂಗಾತಿಯನ್ನು ಕಳೆದುಕೊಂಡ 293 ಜನರನ್ನು ಮಾತನಾಡಿಸಿ, 1971ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಅವರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಜನ ಸತ್ತವರು ಮನೆಯಲ್ಲಿಯೇ ಇದ್ದಾರೆ ಎಂಬ ಅನುಭವವನ್ನೋ, ಅವರ ದನಿ ಕೇಳಿದ, ಅವರನ್ನು ಕಂಡ ಅನುಭವವನ್ನೋ ಹೇಳಿದರು. ಹೆಚ್ಚಿನವರು ಆ ಮಾತನ್ನು ಅದಕ್ಕೂ ಮೊದಲು ನಿಮ್ಮಂತೆಯೇ ಯಾರ ಮುಂದೆಯೂ ಆಡಿರಲಿಲ್ಲ, ಮತ್ತು ಹೆಚ್ಚಿನವರಿಗೆ ಅದರಿಂದ ಸಮಾಧಾನವೇ ಆಗಿತ್ತು. ವರ್ಷಗಟ್ಟಲೆ ರಾತ್ರಿ ಒಂಬತ್ತಕ್ಕೆ ಆ ಸಪ್ಪಳಕ್ಕೆ ಕಿವಿಗೊಟ್ಟು ಕುಳಿತ ನಿಮ್ಮ ಮನಸ್ಸು ಎಂಟು ತಿಂಗಳಲ್ಲಿ ಅದನ್ನು ಬಿಡುವುದಿಲ್ಲ. ನನ್ನ ತಂದೆಯವರು ಹೋದ ಮೇಲೆ ಅವರ ಊರುಗೋಲಿನ ಸಪ್ಪಳ ನಮ್ಮ ಅಂಗಳದಲ್ಲಿ ನನಗೂ ಬಹಳ ಕಾಲ ಕೇಳಿಸುತ್ತಿತ್ತು.

ಚಿತ್ರ ನಿಮ್ಮನ್ನು ಏಕೆ ಅಷ್ಟು ಅಲುಗಿಸಿತೆಂಬುದೂ ಇದರಿಂದ ತಿಳಿಯುತ್ತದೆ. ನಿಮಗೆ ಸಮಾಧಾನ ಕೊಡುತ್ತಿದ್ದ ಒಂದು ಸಪ್ಪಳಕ್ಕೆ ಆ ಚಿತ್ರ ಭಯದ ಬಣ್ಣ ಬಳಿಯಿತು. ಸದ್ಯಕ್ಕೆ ಅಂಥ ಚಿತ್ರಗಳನ್ನು ನೋಡಬೇಡಿ. ಮಗನಿಗೆ ಕಾರಣವನ್ನು ಬಿಡಿಸಿ ಹೇಳಿ, ಸ್ಕೂಟರಿನ ಮಾತನ್ನೂ ಹೇಳಿ. ಅವನಿಗೂ ಏನಾದರೂ ಕೇಳಿಸುತ್ತಿರಬಹುದು. ನಿದ್ದೆಯಿಲ್ಲದ ರಾತ್ರಿಗಳು ಹೀಗೆಯೇ ಮುಂದುವರಿದರೆ, ಊಟ ಸೇರದಿದ್ದರೆ, ಬದುಕುವುದೇ ಬೇಡವೆನ್ನಿಸಿದರೆ ತಡಮಾಡಬೇಡಿ. 14416 ಸಂಖ್ಯೆಗೆ ಫೋನ್ ಮಾಡಿದರೆ ಟೆಲಿ ಮಾನಸ್ ಎಂಬ ಸರಕಾರಿ ಸೇವೆಯವರು ಹಗಲು ರಾತ್ರಿ ಕನ್ನಡದಲ್ಲಿಯೇ ಮಾತನಾಡುತ್ತಾರೆ, ಅದಕ್ಕೆ ಹಣ ಕೊಡಬೇಕಾಗಿಲ್ಲ. ನೇರವಾಗಿ ವೈದ್ಯರನ್ನು ಕಾಣುವುದಾದರೆ ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಆಸ್ಪತ್ರೆ ನಿಮಗೆ ಹತ್ತಿರ. ದುಃಖಕ್ಕೆ ಗಡುವು ಹಾಕುವುದು ಕಷ್ಟ. ಆದರೂ ಅಮೆರಿಕದ ಮನೋವೈದ್ಯರ ಸಂಘ 2022ರಲ್ಲಿ ಪರಿಷ್ಕರಿಸಿದ ತನ್ನ ಕೈಪಿಡಿಯಲ್ಲಿ, ದೊಡ್ಡವರಲ್ಲಿ ಕನಿಷ್ಠ 12 ತಿಂಗಳಾದ ಮೇಲೂ ದಿನನಿತ್ಯದ ಬದುಕನ್ನು ನಡೆಯಗೊಡದ ತೀವ್ರ ಶೋಕವನ್ನು ಮಾತ್ರ ಚಿಕಿತ್ಸೆ ಬೇಕಾದ ಸ್ಥಿತಿಯೆಂದು ಗುರುತಿಸಿದೆ. ಸ್ಕೂಟರಿನ ಸಪ್ಪಳವೊಂದರಿಂದಲೇ ಯಾರೂ ನಿಮ್ಮನ್ನು ರೋಗಿಯೆನ್ನಲಾರರು.

ಪ್ರಶ್ನೆ: ವೈಜ್ಞಾನಿಕ ಚಿತ್ರವೆಂದರೆ ಗ್ರಾಫಿಕ್ಸ್ ಬೇಕು, ಸೆಟ್ ಬೇಕು ಎನ್ನುತ್ತಾರೆ. ನಮ್ಮ ಹತ್ತಿರ ಒಂದು ಕ್ಯಾಮೆರಾ, ಒಂದು ಧ್ವನಿಮುದ್ರಣ ಯಂತ್ರ ಮತ್ತು ನಮ್ಮದೇ ಹಳೆಯ ಮನೆ ಇದೆ. ಸವಣೂರಿನ ದೊಡ್ಡ ಮರಗಳ ಹತ್ತಿರ ಅಥವಾ ಕಪ್ಪತಗುಡ್ಡದ ಗಾಳಿಯಂತ್ರಗಳ ಹತ್ತಿರ ಚಿತ್ರೀಕರಿಸಿದರೆ ಬೇರೆ ಲೋಕದಂತೆ ಕಾಣುತ್ತದಲ್ಲವೇ? (ರಾಣೆಬೆನ್ನೂರು)

ಉತ್ತರ: ಕಾಣುತ್ತದೆ. ಸವಣೂರಿನ ದೊಡ್ಡ ಹುಣಸೆ ಮಠದ ಆ ಬಾವೊಬಾಬ್ ಮರಗಳ ಬುಡದಲ್ಲಿ ನಿಂತ ಮನುಷ್ಯ ಬೇರೆ ಗ್ರಹದಲ್ಲಿ ಇಳಿದವನಂತೆ ತೋರುವುದು ನಿಜ. ಆದರೆ ಶೋಕದ ಚಿತ್ರಕ್ಕೆ ಬೇರೆ ಲೋಕದ ಅಗತ್ಯವಿಲ್ಲ. ಒಬ್ಬರು ಕಡಿಮೆಯಾದ ಮನೆಯೇ ಉಳಿದವರಿಗೆ ಬೇರೆ ಲೋಕವಾಗಿರುತ್ತದೆ. ನಿಮ್ಮ ಹಳೆಯ ಮನೆಯನ್ನೇ ಹಿಡಿದುಕೊಳ್ಳಿ.

ಹಣದ ಮಾತಿಗೆ ಎರಡು ಉದಾಹರಣೆ ಸಾಕು. 2004ರ 'ಪ್ರೈಮರ್' ಎಂಬ ಅಮೆರಿಕದ ಚಿತ್ರ ಸುಮಾರು 7,000 ಡಾಲರಿನಲ್ಲಿ ಆದದ್ದು. ಅದರ ಕಾಲಯಂತ್ರ ಗ್ಯಾರೇಜಿನಲ್ಲಿ ಜೋಡಿಸಿದ ಒಂದು ಪೆಟ್ಟಿಗೆಯಷ್ಟೇ, ಆದರೂ ಸನ್‌ಡ್ಯಾನ್ಸ್ ಚಿತ್ರೋತ್ಸವದ ಮುಖ್ಯ ಪ್ರಶಸ್ತಿ ಅದಕ್ಕೇ ಬಂತು. ನಮ್ಮಲ್ಲಿಯೇ 2013ರ 'ಲೂಸಿಯಾ' ಪ್ರೇಕ್ಷಕರಿಂದಲೇ ಅಂತರಜಾಲದ ಮೂಲಕ ಹಣ ಕೂಡಿಸಿ ಮಾಡಿದ ಚಿತ್ರ. ಯಂತ್ರ ಹೇಗೆ ಕಾಣುತ್ತದೆ ಎಂಬುದಕ್ಕಿಂತ ಅದಕ್ಕೊಂದು ನಿಯಮವಿರುವುದು ಮುಖ್ಯ: ಏನು ಕೊಟ್ಟರೆ ಏನು ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಏನು ಎಂದಿಗೂ ಬರುವುದಿಲ್ಲ. ಆ ನಿಯಮವನ್ನು ಮೊದಲ ಇಪ್ಪತ್ತು ನಿಮಿಷಗಳೊಳಗೆ ಸ್ಪಷ್ಟವಾಗಿ ತಿಳಿಸಿ, ಕೊನೆಯವರೆಗೂ ಮುರಿಯಬೇಡಿ.

ಕ್ಯಾಮೆರಾಕ್ಕಿಂತ ಹೆಚ್ಚಿನ ಶ್ರದ್ಧೆಯನ್ನು ಧ್ವನಿಗೆ ಕೊಡಿ ಎಂದು ಬೇಡಿಕೊಳ್ಳುತ್ತೇನೆ. ನಮ್ಮ ಭೀತಿ ಚಿತ್ರಗಳು ಕೆಡುವುದು ಹೆಚ್ಚಾಗಿ ಅಲ್ಲಿಯೇ. ಬಾಗಿಲು ತೆರೆದೊಡನೆ ಢಮ್ಮೆಂದು ಸಂಗೀತ ಹಾಕುವುದು ಬೆಚ್ಚಿಬೀಳಿಸುತ್ತದೆಯೇ ಹೊರತು ಹೆದರಿಸುವುದಿಲ್ಲ. ನಿಮ್ಮ ಓಣಿಯ ಟ್ರಾನ್ಸ್‌ಫಾರ್ಮರಿನ ಹತ್ತಿರ ರಾತ್ರಿ ನಿಂತು ಕೇಳಿ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುವುದರಿಂದ ಅದರ ಗುಂಯ್‌ಗುಡುವಿಕೆ ಅದರ ಇಮ್ಮಡಿ, ಅಂದರೆ 100 ಹರ್ಟ್ಸ್‌ನಲ್ಲಿ ಮುಖ್ಯವಾಗಿ ಕೇಳಿಸುತ್ತದೆ. ಆ ನಾದವನ್ನು ಮುದ್ರಿಸಿಕೊಂಡು, ಫ್ರಿಜ್ಜಿನ ಸಪ್ಪಳ, ಫ್ಯಾನಿನ ಸಪ್ಪಳ ಸೇರಿಸಿ, ಯಂತ್ರ ನಡೆಯುವ ದೃಶ್ಯಗಳ ಕೆಳಗೆ ತೆಳ್ಳಗೆ ಹರಡಿ. ಪ್ರೇಕ್ಷಕನಿಗೆ ಅದು ಕೇಳಿಸುತ್ತಿದೆ ಎಂಬುದೇ ಗೊತ್ತಾಗಬಾರದು. ಆಮೇಲೆ ಒಂದು ರಾತ್ರಿ ಕರೆಂಟು ಹೋಗಲಿ. ಎಲ್ಲ ನಾದಗಳೂ ಒಮ್ಮೆಲೇ ನಿಂತುಹೋಗುತ್ತವೆ, ಯಂತ್ರವೂ ನಿಂತಿದೆ, ನಿಯಮದ ಪ್ರಕಾರ ಅವಳು ಈಗ ಇರಬಾರದು. ಆ ಮೌನದಲ್ಲಿ ಪಕ್ಕದ ಕೋಣೆಯಿಂದ ಒಂದು ಬಳೆಯ ಸದ್ದು ಬರಲಿ. ನಿಯಮ ಮುರಿಯಬಾರದೆಂದು ಮೇಲೆ ಹೇಳಿದ್ದೇನೆ. ಆದ್ದರಿಂದ ಆ ಬಳೆಯ ಸದ್ದಿಗೆ ಕಾರಣವೇನೆಂಬುದನ್ನು ಚಿತ್ರಕಥೆ ಬರೆಯುವಾಗಲೇ ಯೋಚಿಸಿಟ್ಟುಕೊಂಡಿರಬೇಕು.

ಪ್ರಶ್ನೆ: ನಮ್ಮ ಚಿತ್ರದಲ್ಲಿ ಆತ್ಮಹತ್ಯೆಯ ದೃಶ್ಯವೊಂದಿದೆ. ಇಂಥ ಚಿತ್ರಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕೇ? (ನವನಗರ, ಹುಬ್ಬಳ್ಳಿ)

ಉತ್ತರ: ಚಿತ್ರಮಂದಿರದಲ್ಲಿ ಸಾರ್ವಜನಿಕರಿಗೆ ತೋರಿಸುವುದಾದರೆ 1952ರ ಸಿನಿಮಾಟೋಗ್ರಾಫ್ ಕಾಯಿದೆಯ ಪ್ರಕಾರ ಬೇಕೇ ಬೇಕು. 2023ರ ತಿದ್ದುಪಡಿಯಿಂದ ಯು/ಎ ವರ್ಗವನ್ನು 7, 13 ಮತ್ತು 16 ವರ್ಷ ಮೇಲ್ಪಟ್ಟವರಿಗೆಂದು ಮೂರಾಗಿ ಒಡೆದಿದ್ದಾರೆ. ಓಟಿಟಿ ವೇದಿಕೆಗಳಿಗೆ 2021ರ ನಿಯಮಗಳಿದ್ದು, ಅಲ್ಲಿ ವಯಸ್ಸಿನ ವರ್ಗೀಕರಣವನ್ನು ವೇದಿಕೆಯವರೇ ಮಾಡಬೇಕು. ನಿಮ್ಮ ಚಿತ್ರದಲ್ಲಿ ಆತ್ಮಹತ್ಯೆಯ ದೃಶ್ಯವಿದೆ ಎಂದು ಬರೆದಿದ್ದೀರಿ. ವಿಧಾನವನ್ನು ತೋರಿಸದೆ ಕಥೆ ನಡೆಯುವುದಾದರೆ ಪ್ರಮಾಣಪತ್ರದ ಮಾತು ಹಾಗಿರಲಿ, ನೋಡುವವರ ಸಲುವಾಗಿಯೇ ತೋರಿಸಬೇಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಸಾವನ್ನು ಮಾತಿನಲ್ಲಿ, ಹಾಡಿನಲ್ಲಿ, ಕರ್ಮಾಂತರದಲ್ಲಿ ಎದುರಿಸುವ ದಾರಿಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಪಶ್ಚಿಮದ ಯಂತ್ರಗಳನ್ನೂ ಭೂತಗಳನ್ನೂ ತಂದು ದುಃಖವನ್ನು ಮಾರಾಟಕ್ಕಿಡುವುದೇಕೆ? (ಧಾರವಾಡ)

ಉತ್ತರ: ಗುರುಗಳೇ, ತಮ್ಮ ಪ್ರಶ್ನೆಯಲ್ಲಿರುವ ನೋವು ನನಗೆ ಅರ್ಥವಾಗುತ್ತದೆ. ಹೆದರಿಸುವುದಕ್ಕೊಂದು ನೆಪವೆಂದು ಸತ್ತ ಮಗುವನ್ನು ಕಥೆಯೊಳಕ್ಕೆ ತರುವ ಚಿತ್ರಗಳನ್ನು ನಾನೂ ಒಪ್ಪುವುದಿಲ್ಲ. ಆದರೆ ಎರಡು ಮಾತುಗಳನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ.

ಯಂತ್ರದಿಂದ ಸತ್ತವರನ್ನು ಎಬ್ಬಿಸುವ ಕಥೆ ಮಾರುಕಟ್ಟೆಯಲ್ಲಿ ಹುಟ್ಟಿದ್ದಲ್ಲ, ಒಬ್ಬ ತಾಯಿಯ ದುಃಖದ ನೆರಳಿನಲ್ಲಿ ಹುಟ್ಟಿದ್ದು. 'ಫ್ರಾಂಕನ್‌ಸ್ಟೈನ್' ಬರೆದ ಮೇರಿ ಶೆಲ್ಲಿ 1815ರಲ್ಲಿ, ಇನ್ನೂ ಹದಿನೇಳರ ಹರೆಯದಲ್ಲಿ, ತಮ್ಮ ಮೊದಲ ಹಸುಗೂಸನ್ನು ಕಳೆದುಕೊಂಡರು. ಕೆಲವು ದಿನಗಳ ನಂತರ ಅವರಿಗೊಂದು ಕನಸು ಬಿತ್ತು: ಮಗು ಸತ್ತಿರಲಿಲ್ಲ, ಅದಕ್ಕೆ ಚಳಿಯಾಗಿತ್ತಷ್ಟೆ, ಬೆಂಕಿಯ ಮುಂದೆ ಹಿಡಿದು ಮೈ ತಿಕ್ಕಿದ ಮೇಲೆ ಅದು ಬದುಕಿತು. ಈ ಕನಸನ್ನು ಅವರು ದಿನಚರಿಯಲ್ಲಿ ಬರೆದಿಟ್ಟರು. ಮೂರು ವರ್ಷಗಳಲ್ಲಿ, 1818ರಲ್ಲಿ, ಸತ್ತ ದೇಹಕ್ಕೆ ಜೀವ ತುಂಬುವ ವಿಜ್ಞಾನಿಯ ಕಥೆ ಅಚ್ಚಾಯಿತು. ಬಾಣಂತಿಯ ಆ ಕನಸು ನಮ್ಮ ಯಾವ ಹಳ್ಳಿಯ ತಾಯಿಗೂ ಬೀಳಬಹುದಾದದ್ದು.

ಎರಡನೆಯದು, ನಮ್ಮ ದಾರಿಗಳಲ್ಲಿಯೂ ಸತ್ತವರನ್ನು ಕರೆಯುವುದಿದೆ. ಹೆಣದ ಮುಂದೆ ಕುಳಿತ ಹೆಂಗಸರು ಹಾಡ್ಯಾಡಿಕೊಂಡು ಅಳುವಾಗ ಸತ್ತವರ ಬಗ್ಗೆ ಅಳುವುದಿಲ್ಲ, ಸತ್ತವರೊಡನೆಯೇ ಮಾತನಾಡುತ್ತಾರೆ. "ಏಳೋ ನನ್ನಪ್ಪಾ, ಗಂಗಾಳದಾಗ ಅನ್ನ ಆರಾಕತ್ತೈತಿ" ಎಂದು ಚಿಕ್ಕಂದಿನಲ್ಲಿ ನಮ್ಮ ಓಣಿಯ ಅಜ್ಜಿಯೊಬ್ಬಳು ಕರೆದದ್ದನ್ನು ನಾನು ಕೇಳಿದ್ದೇನೆ. ಅವಳ ಮಗ ನಿಜವಾಗಿ ಎದ್ದುಬಿಟ್ಟಾನೆಂದು ಹೆದರಿ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೆ. ನಮ್ಮ ಸಾಧನಕೇರಿಯ ಬೇಂದ್ರೆಯವರು ಮಗುವಿನ ಸಾವಿನ ಮೇಲೆ ಬರೆದ ಪ್ರಸಿದ್ಧ ಕವಿತೆಯಲ್ಲಿ ಗಂಡನಿಗೆ ಎದುರಿಸಲಾಗದಿರುವುದು ತುಂಬಿಬಂದ ಹೆಂಡತಿಯ ನೋಟವನ್ನು. ಬದುಕಿರುವವರ ಕಣ್ಣಿಗೆ ಹೆದರುವ ಆ ಗಳಿಗೆಯಲ್ಲಿ ಇರುವ ಭಯವನ್ನು ತಾವು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿರುತ್ತೀರಿ.

ಹೊಸದಾಗಿ ಆಗಿರುವುದು ಇಷ್ಟು: ಹಿಂದೆ ಕರೆದರೆ ಉತ್ತರ ಬರುತ್ತಿರಲಿಲ್ಲ, ಈಗ ಬರತೊಡಗಿದೆ. 2020ರಲ್ಲಿ ದಕ್ಷಿಣ ಕೊರಿಯಾದ ದೂರದರ್ಶನ ವಾಹಿನಿಯೊಂದು, ತೀರಿಕೊಂಡ ಪುಟ್ಟ ಮಗಳ ರೂಪವನ್ನು ಕಂಪ್ಯೂಟರಿನಲ್ಲಿ ಮಾಡಿಸಿ, ತಾಯಿಯ ಕಣ್ಣಿಗೆ ಉಪಕರಣ ತೊಡಿಸಿ ಅವಳನ್ನು ಮಗಳಿಗೆ ಭೇಟಿ ಮಾಡಿಸಿತು. ತಾಯಿ ಗಾಳಿಯಲ್ಲಿ ಕೈ ಚಾಚಿ ಮಗಳ ಕೆನ್ನೆಯನ್ನು ಹುಡುಕುವುದನ್ನು ಜಗತ್ತೇ ನೋಡಿತು. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಯೋಚಿಸಲು ನಮ್ಮ ಹಾಡುಗಳಲ್ಲಿ ಇನ್ನೂ ಪದಗಳಿಲ್ಲ. ಹುಬ್ಬಳ್ಳಿಯ ಹುಡುಗರು ಒಂದು ಚಿತ್ರ ಮಾಡಿ ಆ ಯೋಚನೆಯನ್ನು ಶುರುಮಾಡಿದರೆ ತಾವು ಹೋಗಿ ನೋಡಬೇಕು, ತಪ್ಪಿದ್ದರೆ ಅವರಿಗೇ ಹೇಳಬೇಕು.

ಪ್ರಶ್ನೆ: ನನ್ನ ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಮಳೆ ಬರುವಂತಿದೆ, ಅಂಗಳದಲ್ಲಿ ಹರವಿದ ಮೆಣಸಿನಕಾಯಿಯನ್ನು ಒಳಗೆ ತೆಗೆ ಎಂದು ಅವಳು ವಾಟ್ಸಾಪಿನಲ್ಲಿ ಕಳಿಸಿದ ಧ್ವನಿ ನನ್ನ ಫೋನಿನಲ್ಲಿದೆ. ನಾನು ಮಾಡುತ್ತಿರುವ ಕಿರುಚಿತ್ರದಲ್ಲಿ ಯಂತ್ರದೊಳಗಿಂದ ಮಾತನಾಡುವ ಅಕ್ಕನ ಪಾತ್ರಕ್ಕೆ ಆ ಧ್ವನಿಯನ್ನೇ ಬಳಸಬೇಕೆಂದಿದ್ದೇನೆ. ಅವ್ವನಿಗೆ ಹೇಳಿಲ್ಲ. ಬಳಸಬಹುದೇ? (ಹಾವೇರಿ)

ಉತ್ತರ: ತಮ್ಮಾ, ಅವ್ವನಿಗೆ ಹೇಳದೆ ಬಳಸಬೇಡ. ಲಂಡನ್ನಿನ ಎಂಬ್ಯಾಂಕ್‌ಮೆಂಟ್ ಎಂಬ ಭೂಗತ ರೈಲು ನಿಲ್ದಾಣದಲ್ಲಿ, ಪ್ಲಾಟ್‌ಫಾರ್ಮಿನ ಸಂದಿಯ ಬಗ್ಗೆ ಎಚ್ಚರಿಸುವ ಧ್ವನಿ ಒಬ್ಬ ನಟನದಾಗಿತ್ತು. ಅವನು 2007ರಲ್ಲಿ ತೀರಿಕೊಂಡ ಮೇಲೆ ಅವನ ಹೆಂಡತಿ ಆ ನಿಲ್ದಾಣಕ್ಕೆ ಹೋಗಿ ಕುಳಿತು, ಗಂಡನ ದನಿಯನ್ನು ಕೇಳಿ ಬರುತ್ತಿದ್ದಳು. ಹೊಸ ವ್ಯವಸ್ಥೆ ಬಂದು ಆ ಧ್ವನಿ ನಿಂತುಹೋದಾಗ ಅವಳು ಅಧಿಕಾರಿಗಳನ್ನು ಕೇಳಿಕೊಂಡಳು. 2013ರಲ್ಲಿ ಆ ಒಂದು ನಿಲ್ದಾಣದಲ್ಲಿ ಹಳೆಯ ಧ್ವನಿಯನ್ನೇ ಮತ್ತೆ ಹಾಕಿದರು. ಎರಡು ಮೂರು ಪದಗಳ ಒಂದು ಎಚ್ಚರಿಕೆ ಒಬ್ಬ ಹೆಂಗಸಿಗೆ ಅಷ್ಟು ಬೇಕಾಗಿತ್ತು. ಮೆಣಸಿನಕಾಯಿಯ ಮಾತು ನಿಮ್ಮ ಅವ್ವನಿಗೆ ಎಷ್ಟು ಬೇಕಾಗಿದೆಯೋ ನಿನಗೆ ತಿಳಿಯದು.

ಇನ್ನೊಂದು ಅಪಾಯ ನಿನಗೇ ಇದೆ. ಅಕ್ಕ ಆ ಮಾತನ್ನು ಆಡಿದ್ದು ನಿನಗೆ, ಒಂದು ಮೋಡದ ಮಧ್ಯಾಹ್ನ. ಸಂಕಲನದ ಮೇಜಿನ ಮುಂದೆ ಅದನ್ನು ನೂರಾರು ಸಲ ಕತ್ತರಿಸಿ, ಜೋಡಿಸಿ, ಕೆಳಗೆ ಭಯದ ನಾದವನ್ನು ಸೇರಿಸಿದ ಮೇಲೆ, ಮುಂದೆ ಯಾವಾಗ ಕೇಳಿದರೂ ಅದು ನಿನ್ನ ಚಿತ್ರದ ಯಂತ್ರದ ಮಾತಾಗಿಯೇ ಕೇಳಿಸೀತು. ಅದೇ ವಾಕ್ಯವನ್ನು ನಿಮ್ಮ ಕಡೆಯ ಮಾತು ಬಲ್ಲ ನಟಿಯೊಬ್ಬಳಿಂದ ಆಡಿಸು. ವಾಕ್ಯದಲ್ಲಿ ಸತ್ವವಿದೆ, ಅವಳ ಬಾಯಲ್ಲಿಯೂ ಅದು ನಿಲ್ಲುತ್ತದೆ. ಧ್ವನಿಯನ್ನು ನಕಲು ಮಾಡಿಕೊಡುವ ಯಾವ ಆ್ಯಪಿಗೂ ಅಕ್ಕನ ದನಿಯನ್ನು ಏರಿಸಬೇಡ. ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ದಾರಿ ನಿನ್ನ ಕೈಯಲ್ಲಿ ಇರುವುದಿಲ್ಲ.

ಅವ್ವನಿಗೆ ಹೇಳುವಾಗ ಚಿತ್ರದ ಮಾತಿನಿಂದ ಶುರುಮಾಡಬೇಡ. ಅಕ್ಕನ ದನಿ ನನ್ನ ಹತ್ತಿರ ಇದೆ, ಕೇಳುತ್ತೀಯಾ ಎಂದು ಕೇಳು. ಬೇಡವೆಂದರೆ ಅಲ್ಲಿಗೇ ಬಿಡು. ಕೇಳುತ್ತೇನೆಂದರೆ ಪಕ್ಕದಲ್ಲಿ ಕುಳಿತು ಕೇಳಿಸು. ಅಕ್ಕನಿಗೆ ಗಂಡ, ಮಕ್ಕಳು ಇದ್ದರೆ ಅವರ ಒಪ್ಪಿಗೆಯೂ ಬೇಕು. ಇವೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ: ಫೋನ್ ಕೆಟ್ಟರೆ, ಬದಲಾಯಿಸುವಾಗ ಬ್ಯಾಕಪ್ ತಪ್ಪಿದರೆ ಆ ಧ್ವನಿ ಹೋಗಿಬಿಡುತ್ತದೆ. ಅದನ್ನು ವಾಟ್ಸಾಪಿನಿಂದ ಹೊರಗೆ ತೆಗೆದು, ಒಂದು ಪೆನ್‌ಡ್ರೈವಿನಲ್ಲಿಯೂ ಮನೆಯ ಇನ್ನೊಬ್ಬರ ಫೋನಿನಲ್ಲಿಯೂ ಇಟ್ಟು, ಕಡತಕ್ಕೆ ಅಕ್ಕನ ಹೆಸರನ್ನೂ ದಿನಾಂಕವನ್ನೂ ಬರೆ. ಈ ಸಂಚಿಕೆ ಕೈಗೆ ಬಂದ ದಿನವೇ ಮಾಡು.